ಸುಸ್ತಿಗೆ ಗ್ಲೂಕೋಸ್ ಬಾಟಲಿ ಮದ್ದಲ್ಲ

"ಡಾಕ್ಟ್ರೇ, ಯಾಕೋ ಕೈಕಾಲಲ್ಲಿ ಶಕ್ತೀನೇ ಇಲ್ಲ, ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ." ಯಲಹಂಕದಂಥ ಊರುಗಳ ಕ್ಲಿನಿಕ್ಕುಗಳಲ್ಲಿ ಈ ಮಾತು ಹೊಸದಲ್ಲ. ಬಾಟಲಿ ಏರಿಸುವ ಡಾಕ್ಟರೇ ಒಳ್ಳೆಯ ಡಾಕ್ಟರು ಎಂಬ ನಂಬಿಕೆಯೂ ಇದೆ. ಆ ಬಾಟಲಿಯಲ್ಲಿ ಏನಿರುತ್ತದೆ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಶೇಕಡ 5ರ ಗ್ಲೂಕೋಸ್ ದ್ರಾವಣದ ಅರ್ಧ ಲೀಟರಿನಲ್ಲಿರುವುದು 25 ಗ್ರಾಂ ಗ್ಲೂಕೋಸ್. ಐದು ಟೀ ಚಮಚ ಸಕ್ಕರೆಯಷ್ಟು! ಎರಡು ಏಲಕ್ಕಿ ಬಾಳೆಹಣ್ಣು ತಿಂದರೆ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ ಸಿಗುತ್ತದೆ, ಸೂಜಿಯ ನೋವಿಲ್ಲದೆ. ವಾಂತಿಭೇದಿಯಿಂದ ಬಳಲಿ, ಬಾಯಿಂದ ಏನೂ ಇಳಿಯದವರಿಗೆ ಡ್ರಿಪ್ ಬೇಕೇ ಬೇಕು, ಆ ಮಾತು ಬೇರೆ. ಎರಡು ಹೊತ್ತು ಉಂಡು ಓಡಾಡಿಕೊಂಡಿದ್ದೂ ಸುಸ್ತು ಎನ್ನುವವರಿಗೆ ಸಾಮಾನ್ಯವಾಗಿ ಸಕ್ಕರೆಯ ಕೊರತೆ ಇರುವುದಿಲ್ಲ.

ನಾವು ಉಂಡ ರಾಗಿಮುದ್ದೆಯ ಪಿಷ್ಟ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಿ, ರಕ್ತದೊಡನೆ ಜೀವಕೋಶಗಳನ್ನು ಸೇರುತ್ತದೆ. ಅಲ್ಲಿ ಮೈಟೊಕಾಂಡ್ರಿಯ ಎಂಬ ಅತಿ ಪುಟ್ಟ ಒಲೆಗಳಿವೆ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಉಕ್ಕು ಕರಗಿಸಲು ಸಾವಿರದೈನೂರು ಡಿಗ್ರಿ ದಾಟುವ ಕುಲುಮೆ ಬೇಕು. ನಮ್ಮೊಳಗಿನ ಒಲೆಗಳು ಸುಮಾರು 37 ಡಿಗ್ರಿಯಲ್ಲೇ ಕೆಲಸ ಮುಗಿಸುತ್ತವೆ, ಹೊಗೆಯಿಲ್ಲ, ಜ್ವಾಲೆಯಿಲ್ಲ. ಆಹಾರವನ್ನು ಒಮ್ಮೆಗೇ ಸುಟ್ಟುಬಿಡದೆ ಹಂತಹಂತವಾಗಿ ಕಳಚುವುದೇ ಇದರ ಗುಟ್ಟು. ಈ ಹಂತಗಳಲ್ಲಿ ಮುಖ್ಯವಾದ ಚಕ್ರವೊಂದನ್ನು ವಿವರಿಸಿದ್ದು ಹ್ಯಾನ್ಸ್ ಕ್ರೆಬ್ಸ್, 1937ರಲ್ಲಿ. ಬಿಡುಗಡೆಯಾದ ಶಕ್ತಿ ಎಟಿಪಿ ಎಂಬ ಚಿಲ್ಲರೆ ಕಾಸಾಗಿ ಕೈಗೆ ಬರುತ್ತದೆ. ಹೃದಯದ ಬಡಿತದಿಂದ ಹಿಡಿದು ಕಣ್ಣಿನ ರೆಪ್ಪೆ ಮಿಟುಕಿಸುವವರೆಗೆ ಖರ್ಚಾಗುವುದು ಈ ಕಾಸೇ. 1929ರಲ್ಲಿ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕೆಯವರೊಡನೆ ಎಟಿಪಿಯನ್ನು ಗುರುತಿಸಿದವರು ನಮ್ಮ ನೆರೆಯ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್. ಕ್ರಿಕೆಟಿಗರ ಹೆಸರು ಪಟಪಟನೆ ಹೇಳುವ ನಮ್ಮ ಮಕ್ಕಳಿಗೆ ಈ ಹೆಸರೂ ಗೊತ್ತಿರಬೇಕಿತ್ತು.

ಈಗ ವಿಷಯಕ್ಕೆ ಬರೋಣ. ಆಮ್ಲಜನಕ ಸಾಕಷ್ಟಿದ್ದರೆ ಗ್ಲೂಕೋಸಿನ ಒಂದು ಅಣುವಿನಿಂದ ಸುಮಾರು 30 ಎಟಿಪಿ ಹುಟ್ಟುತ್ತವೆ. ಆಮ್ಲಜನಕವಿಲ್ಲದಿದ್ದರೆ ಬರೀ ಎರಡು! ಹೊರಟ ಬಸ್ಸಿನ ಹಿಂದೆ ಓಡುವಾಗ ಕಾಲಿನ ಸ್ನಾಯುಗಳು ಸ್ವಲ್ಪ ಹೊತ್ತು ಒಂದಷ್ಟು ಶಕ್ತಿಯನ್ನು ಈ ಎರಡರ ಲೆಕ್ಕದಲ್ಲೇ ಹೊಂದಿಸಿಕೊಳ್ಳುತ್ತವೆ. ಸದಾ ಹಾಗೆ ಬದುಕಲಾಗದು. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ತರುವುದು ರಕ್ತದ ಹಿಮೋಗ್ಲೋಬಿನ್; ಅದಕ್ಕೆ ಕಬ್ಬಿಣ ಬೇಕು. ಮೈಟೊಕಾಂಡ್ರಿಯಗಳ ಕೆಲಸಕ್ಕೂ ಕಬ್ಬಿಣ ಬೇಕು. ಆ ಕಾರ್ಖಾನೆಯ ಒಂದು ಗಾಲಿ ನೂರಾರು ಕಿಲೋ ತೂಗುತ್ತದೆ. ನಿಮ್ಮ ಇಡೀ ಮೈಯಲ್ಲಿರುವ ಕಬ್ಬಿಣ 3-4 ಗ್ರಾಂ, ಒಂದು ಮೊಳೆಯಷ್ಟು. ಅದು ಕಡಿಮೆಯಾದಾಗ ಒಲೆಯಲ್ಲಿ ಸೌದೆಯಿದ್ದೂ ಗಾಳಿಯಿಲ್ಲದಂತಾಗುತ್ತದೆ. ಗಾಳಿಯಾಡದ ಒಲೆಗೆ ಇನ್ನಷ್ಟು ಸೌದೆ ತುರುಕಿದಂತೆ ಈ ಗ್ಲೂಕೋಸ್ ಬಾಟಲಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮನೆಯವರೆಲ್ಲ ಉಂಡೆದ್ದ ಮೇಲೆ ತಳದಲ್ಲಿ ಉಳಿದ ಸಾರು ಬಳಿದುಕೊಂಡು ಉಣ್ಣುವ ಅಮ್ಮ "ಮೆಟ್ಟಿಲು ಹತ್ತಿದರೆ ಏದುಸಿರು" ಎಂದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತೇವೆ. ಮೂವತ್ತೈದು ಒಂದು ವಯಸ್ಸೇ? ಬಾಟಲಿ ಏರಿಸಿದ ದಿನ ವಿಶ್ರಾಂತಿಯಿಂದಲೋ ನಂಬಿಕೆಯಿಂದಲೋ ಹಾಯೆನಿಸುತ್ತದೆ. ರೋಗ ಒಳಗೇ ಉಳಿಯುತ್ತದೆ. ಹಿಮೋಗ್ಲೋಬಿನ್ ನೋಡದೆ ಸುಸ್ತಿಗೆ ಬಾಟಲಿ ಹಾಕುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಬೆರಳತುದಿಯ ಒಂದು ಹನಿ ರಕ್ತದ ಈ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೇ ಆಗುತ್ತದೆ. ಗರ್ಭಿಣಿಯಲ್ಲದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಕಾರಣ ಹುಡುಕಬೇಕು: ಮುಟ್ಟಿನ ಅತಿಸ್ರಾವವೇ, ಮೂಲವ್ಯಾಧಿಯೇ, ಕೊಕ್ಕೆಹುಳುವೇ? ಸರಿಯಿದ್ದರೆ ಥೈರಾಯ್ಡ್, ಸಕ್ಕರೆ ಕಾಯಿಲೆಗಳತ್ತ ನೋಡಬೇಕು.

"ನಾವು ರಾಗಿ ಉಣ್ಣುವವರು, ನಮಗೇನು?" ಎನ್ನಬೇಡಿ. ಹೆಬ್ಬಾಳದಿಂದ ಯಲಹಂಕಕ್ಕೆ ಬರುವ ದಾರಿಯ ಜಿಕೆವಿಕೆ, ಜಿಪಿಯು-28ರಂಥ ರಾಗಿ ತಳಿಗಳನ್ನು ಕೊಟ್ಟ ಜಾಗ. ರಾಗಿಯ ಬಗ್ಗೆ ನಮಗೆ ಹೆಮ್ಮೆಯಿರುವುದು ಸರಿಯೇ. ಆದರೆ ರಾಗಿಯಲ್ಲಿರುವ ಫೈಟೇಟ್ ಅದರ ಕಬ್ಬಿಣವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೊಳಕೆ ಕಟ್ಟಿದರೆ ಈ ತಡೆ ಸಡಿಲವಾಗುತ್ತದೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟದ ಬೆನ್ನಿಗೇ ಕಾಫಿ, ಟೀ ಬೇಡ. ಒಂದೆರಡು ಗಂಟೆ ಕಳೆಯಲಿ.

ರಕ್ತಹೀನತೆ ಖಚಿತವಾದವರಿಗೆ ಊಟವೊಂದೇ ಸಾಲದು, ವೈದ್ಯರು ಹೇಳಿದಂತೆ ಕಬ್ಬಿಣದ ಮಾತ್ರೆ ನುಂಗಬೇಕು. ಮಲ ಕಪ್ಪಾಯಿತೆಂದು ಹೆದರಿ ಬಿಡುವವರು ಬಹಳ. ಮಾತ್ರೆಯಿಂದ ಹಾಗಾಗುವುದು ಸಹಜ. ಹಿಮೋಗ್ಲೋಬಿನ್ ಸರಿಹೋದ ಮೇಲೂ ದೇಹದ ಕಬ್ಬಿಣದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ.