ನಿಧಾನದ ಪರೀಕ್ಷೆಗೊಂದು ಪಕ್ಕದ ಹಳಿ

ಹೊಸಪೇಟೆಯಿಂದ ಹೊರಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹರಿಹರವನ್ನು ಸೇರುವ ರೈಲುಮಾರ್ಗವು ಒಂಟಿ ಹಳಿಯದು. (ಕೂಡ್ಲಿಗಿಯವರಿಗೂ ಹಡಗಲಿಯವರಿಗೂ ಈ ಭಾಗ್ಯವಿಲ್ಲ, ಅವರು ಬಸ್ಸಿನಲ್ಲಿ ಬಂದು ಈ ರೈಲನ್ನು ಹಿಡಿಯಬೇಕು.) ಇಂಥ ಮಾರ್ಗದಲ್ಲಿ ಗೂಡ್ಸ್ ಬಂಡಿಯ ಹಿಂದೆಯೇ ಪ್ರಯಾಣಿಕರ ಬಂಡಿ ಬಂದರೆ, ಗೂಡ್ಸನ್ನು ನಿಲ್ದಾಣದ ಪಕ್ಕದ ಹಳಿಗೆ, ಎಂದರೆ ಲೂಪ್ ಲೈನಿಗೆ, ಸರಿಸಿ ಪ್ರಯಾಣಿಕರಿಗೆ ದಾರಿ ಬಿಡುತ್ತಾರೆ. ಗೂಡ್ಸನ್ನು ಯಾರೂ ರದ್ದು ಮಾಡುವುದಿಲ್ಲ. ಅದು ಹೊತ್ತ ಸರಕು ಬೇಡವೆನ್ನುವುದೂ ಇಲ್ಲ. ಗಣಕಗಳಿಗೆ ಕ್ರಮವಿಧಿ ಬರೆಯಲು ಕಲಿಯುತ್ತಿರುವ ನಮ್ಮ ತರುಣರಿಗೆ ಇಷ್ಟು ವ್ಯವಹಾರಜ್ಞಾನವನ್ನು ಯಾರೂ ಹೇಳಿಕೊಡುತ್ತಿಲ್ಲವೆಂಬುದೇ ನಮ್ಮ ದೂರು.

ವಿಷಯ ಹೀಗಿದೆ. ಹಲವರು ಕೂಡಿ ಒಂದೇ ತಂತ್ರಾಂಶವನ್ನು ರಚಿಸುವಾಗ, ಪ್ರತಿಯೊಬ್ಬನೂ ತಾನು ಮಾಡಿದ ಬದಲಾವಣೆಯನ್ನು ದಿನಕ್ಕೆ ಒಮ್ಮೆಯಾದರೂ ಸಾಮಾನ್ಯ ಭಂಡಾರಕ್ಕೆ ಸೇರಿಸಬೇಕು; ಸೇರಿಸಿದೊಡನೆ ಒಂದು ಗಣಕವು ಇಡೀ ತಂತ್ರಾಂಶವನ್ನು ಹೊಸದಾಗಿ ಕಟ್ಟಿ ಪರೀಕ್ಷಿಸಿ, ಸರಿಯೋ ತಪ್ಪೋ ತಿಳಿಸಬೇಕು. ಈ ಪದ್ಧತಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್ ಎಂದು ಹೆಸರು. ಸತತ ಜೋಡಣೆ ಎನ್ನೋಣ. ಪರೀಕ್ಷೆಯ ಉತ್ತರ ಬೇಗ ಬರಬೇಕಾದುದು ಇದರ ಪ್ರಾಣ. ಕಟ್ಟುವುದೂ ಪರೀಕ್ಷಿಸುವುದೂ ಸೇರಿ 10 ನಿಮಿಷವನ್ನು ಮೀರಬಾರದೆಂದು ಅಮೆರಿಕದ ಕೆಂಟ್ ಬೆಕ್ ಅವರು ವಿಧಿಸಿದ್ದಾರೆ. ಆದರೆ ಕೆಲವು ಪರೀಕ್ಷೆಗಳು ಸ್ವಭಾವತಃ ನಿಧಾನವಾದುವು. ಅವುಗಳನ್ನು ಏನು ಮಾಡಬೇಕು?

ನಾವು ಪಾಠ ಹೇಳುವ ಕಾಲೇಜಿನ ಕೆಲವು ವಿದ್ಯಾರ್ಥಿಗಳು, ಸ್ಪ್ರಿಂಗಿಗೆ ತೂಗುಹಾಕಿದ ಭಾರದ ಆಂದೋಲನವನ್ನು ಲೆಕ್ಕಹಾಕುವ ಕ್ರಮವಿಧಿಯೊಂದನ್ನು ಬರೆದರು. ಶಕ್ತಿಯ ನಿತ್ಯತ್ವ ಉಳಿಯುತ್ತದೆಯೇ ಎಂದು ನೋಡಲು ಎರಡು ಸಾವಿರ ಬಗೆಯ ಭಾರ–ಸ್ಪ್ರಿಂಗ್ ಜೋಡಿಗಳಿಗೆ ತಲಾ 10 ಲಕ್ಷ ಹೆಜ್ಜೆಗಳ ಪರೀಕ್ಷೆಯೊಂದನ್ನೂ ಇಟ್ಟರು. ಅದಕ್ಕೆ 40 ನಿಮಿಷ ಬೇಕು. ಮೊದಲು ಅದನ್ನು ಹೆಬ್ಬಾಗಿಲಲ್ಲೇ ಕೂರಿಸಿದರು: ಅದು ಮುಗಿಯದೆ ಯಾವ ಬದಲಾವಣೆಯೂ ಒಳಗೆ ಹೋಗುವಂತಿಲ್ಲ. ಪರಿಣಾಮವೇನಾಯಿತು? ಕಾದು ಬೇಸತ್ತ ಹುಡುಗರು ಬದಲಾವಣೆಗಳನ್ನು ತಮ್ಮ ತಮ್ಮ ಯಂತ್ರಗಳಲ್ಲೇ ಗಂಟುಕಟ್ಟಿ ಇಟ್ಟುಕೊಂಡರು. ವಾರ ಕಳೆದು ಗಂಟು ಬಿಚ್ಚಿದಾಗ ಒಬ್ಬನದು ಇನ್ನೊಬ್ಬನದಕ್ಕೆ ಹೊಂದಲಿಲ್ಲ. ಆಗ ಅವರು ಕೋಪದಿಂದ ಆ ಪರೀಕ್ಷೆಯನ್ನೇ ಕಿತ್ತೊಗೆದು, 100 ಹೆಜ್ಜೆಗಳ ಕಿರುಪರೀಕ್ಷೆಯೊಂದನ್ನು ಮಾತ್ರ ಉಳಿಸಿಕೊಂಡರು.

ಇದಾದ ಕೆಲವೇ ದಿನಗಳಲ್ಲಿ ಯಾರೋ ಒಬ್ಬರು, ಸರಳವಾಗಲೆಂದು, ವರ್ಲೆ ವಿಧಾನವನ್ನು ತೆಗೆದು ಆಯ್ಲರನ ವಿಧಾನವನ್ನು ಹಾಕಿದರು. ಕಿರುಪರೀಕ್ಷೆ ತೇರ್ಗಡೆಯಾಯಿತು. ಆಯ್ಲರನ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಆಂದೋಲಕದ ಶಕ್ತಿ ಒಂದಿಷ್ಟು ಹೆಚ್ಚುತ್ತದೆ. ಕೋನೀಯ ಆವೃತ್ತಿ ಸೆಕೆಂಡಿಗೆ 3 ರೇಡಿಯನ್, ಹೆಜ್ಜೆ ಸೆಕೆಂಡಿನ ಸಾವಿರದಲ್ಲೊಂದಂಶ ಎಂದಿಟ್ಟುಕೊಂಡರೆ, ಹೆಚ್ಚಳವು ಹೆಜ್ಜೆಗೆ 10 ಲಕ್ಷದಲ್ಲಿ 9 ಭಾಗ. ನೂರು ಹೆಜ್ಜೆಗಳಿಗೆ ಇದು ಸಾವಿರದಲ್ಲಿ ಒಂದು ಭಾಗವೂ ಆಗದು. ಯಾರ ಕಣ್ಣಿಗೆ ಬಿದ್ದೀತು? 10 ಲಕ್ಷ ಹೆಜ್ಜೆಗಳಾದ ಮೇಲಾದರೋ ಶಕ್ತಿಯು ಸುಮಾರು 8,000 ಪಟ್ಟಾಗಿರುತ್ತದೆ! ಪ್ರದರ್ಶನದ ದಿನ, ಅತಿಥಿಗಳ ಸಮ್ಮುಖದಲ್ಲಿ, ಪರದೆಯ ಮೇಲಿನ ಭಾರವು ಹಿಗ್ಗಿ ಹಿಗ್ಗಿ ಚೌಕಟ್ಟನ್ನು ದಾಟಿ ಮಾಯವಾಯಿತು. ನಕ್ಕವರಲ್ಲಿ ನಾವೂ ಒಬ್ಬರೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಹುಡುಗರ ಮುಖ ನೋಡಿದ ಮೇಲೆ ನಗೆ ನಿಂತಿತು.

ನಮ್ಮ ಅಭಿಪ್ರಾಯದಲ್ಲಿ ಅವರು ಮಾಡಿದ ಎರಡೂ ತಪ್ಪುಗಳ ಮೂಲ ಒಂದೇ. ಪರೀಕ್ಷೆಯೆಂದರೆ ಬಾಗಿಲು ಕಾಯುವುದು, ಇಲ್ಲವೇ ಇಲ್ಲದಿರುವುದು, ಎಂದು ಅವರು ಭಾವಿಸಿದರು. ಕಾಂಕ್ರೀಟಿನ ಕೆಲಸದವರನ್ನು ನೋಡಿರಿ. 15 ಸೆಂಟಿಮೀಟರಿನ ಘನಗಳನ್ನು ಅಚ್ಚು ಹಾಕಿ ನೀರಿನಲ್ಲಿಟ್ಟು, 7ನೆಯ ದಿನ ಕೆಲವನ್ನೂ 28ನೆಯ ದಿನ ಉಳಿದವನ್ನೂ ಒತ್ತಿ ಒಡೆದು ಬಲವನ್ನು ಅಳೆಯುತ್ತಾರೆ. 28 ದಿನ ಕಳೆಯಲೆಂದು ಸೇತುವೆಯ ಕೆಲಸವನ್ನು ಯಾರೂ ನಿಲ್ಲಿಸುವುದಿಲ್ಲ. ಹಾಗೆಂದು 28ನೆಯ ದಿನದ ಘನವನ್ನು ಎಸೆಯುವುದೂ ಇಲ್ಲ. ನಮ್ಮ ಭೌತವಿಜ್ಞಾನಿಗಳೂ ಇದನ್ನರಿತವರೇ. 2012ರಲ್ಲಿ ಸರ್ನ್ ಸಂಸ್ಥೆಯ ಸಿ.ಎಂ.ಎಸ್. ಪ್ರಯೋಗದವರು, ಒಡನೆಯೇ ಲೆಕ್ಕ ಮಾಡಲಾಗದಷ್ಟು ಸಂಘಟ್ಟನೆಗಳ ವಿವರವನ್ನು ಬರೆದಿಟ್ಟುಕೊಂಡು, ಯಂತ್ರ ದುರಸ್ತಿಗೆ ನಿಂತು ಗಣಕಗಳಿಗೆ ಬಿಡುವಾದಾಗ ವಿಶ್ಲೇಷಿಸಿದರು. ಇದಕ್ಕೆ ಅವರಿಟ್ಟ ಹೆಸರು ‘ಪಾರ್ಕಿಂಗ್’!

ಹಿನ್ನೆಲೆಗೆ ಸರಿಸಿದರಾಯಿತೆಂದು ಸುಮ್ಮನಾಗುವಂತಿಲ್ಲ. ಹತ್ತು ನಿಮಿಷಕ್ಕೊಂದು ಬದಲಾವಣೆ ಬರುತ್ತಿದ್ದು, ಒಂದೇ ಯಂತ್ರವು ಪ್ರತಿಯೊಂದಕ್ಕೂ 40 ನಿಮಿಷದ ಪರೀಕ್ಷೆಯನ್ನು ನಡೆಸುವುದಾದರೆ, ನಾಲ್ಕು ಗಂಟೆಗಳಲ್ಲಿ ಬಂದುವು 24, ಮುಗಿದುವು 6. ಸಾಲು ಬೆಳೆಯುತ್ತಲೇ ಹೋಗುತ್ತದೆ. ಆದುದರಿಂದ ಒಂದು ಪರೀಕ್ಷೆ ಮುಗಿದೊಡನೆ ನಡುವಿನವನ್ನು ಬಿಟ್ಟು ತೀರ ಇತ್ತೀಚಿನದನ್ನು ಎತ್ತಿಕೊಳ್ಳಬೇಕು, ಇಲ್ಲವೇ ರಾತ್ರಿ ಒಮ್ಮೆ ನಡೆಸಬೇಕು. ನಡುವಿನವನ್ನು ಬಿಟ್ಟರೆ ತಪ್ಪಿತಸ್ಥನನ್ನು ಹುಡುಕುವುದು ಹೇಗೆಂದು ಕೇಳಬಹುದು. ಅರ್ಧಿಸುತ್ತ ಹೋದರೆ 20 ಬದಲಾವಣೆಗಳಲ್ಲಿ ಕೆಟ್ಟದ್ದನ್ನು ಐದೇ ಪ್ರಯತ್ನಗಳಲ್ಲಿ ಹಿಡಿಯಬಹುದು; ಪ್ರತಿ ಪ್ರಯತ್ನದಲ್ಲೂ ಸೋತ ಜೋಡಿಯೊಂದನ್ನು ಮಾತ್ರ ನಡೆಸಿದರೆ ಸಾಕು.

ಹಿನ್ನೆಲೆಯ ಕೆಲಸಕ್ಕೆ ಬೇರೆ ಯಂತ್ರವಿದ್ದರೆ ಲೇಸು. ಇಲ್ಲದಿದ್ದರೆ ಯುನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ‘ನೈಸ್’ ಎಂಬ ಆಜ್ಞೆಯುಂಟು. ಅದು ಕೆಲಸವೊಂದನ್ನು ಸಂಭಾವಿತನನ್ನಾಗಿ ಮಾಡಿ, ಇತರರು ಬಂದಾಗ ಜಾಗ ಬಿಡುವಂತೆ ಮಾಡುತ್ತದೆ. ಆದರೆ ಈ ಸಂಭಾವಿತತನ ಪ್ರೊಸೆಸರಿನ ಹೊತ್ತಿಗೆ ಮಾತ್ರ. ಸ್ಮೃತಿಯನ್ನು ಆ ಕೆಲಸ ಎಂದಿನಂತೆಯೇ ಕಬಳಿಸುತ್ತದೆ.

ಇವೆಲ್ಲಕ್ಕಿಂತ ಕಷ್ಟವಾದುದು, ಬಂದ ಉತ್ತರವನ್ನು ಓದುವವರು ಯಾರೆಂಬುದು. ಬಾಗಿಲಲ್ಲಿ ತಡೆದ ತಪ್ಪನ್ನು ಎಲ್ಲರೂ ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಹಿನ್ನೆಲೆಯಲ್ಲಿ ಕಂಡ ತಪ್ಪು ಯಾರದೂ ಅಲ್ಲ. ಹೀಗಾಗಿ ಹಿನ್ನೆಲೆಯ ಪರೀಕ್ಷೆ ಸೋತ ಬೆಳಗ್ಗೆ, ಅದು ಸರಿಯಾಗುವವರೆಗೆ, ಬಳಕೆದಾರರಿಗೆ ಹೊಸ ಆವೃತ್ತಿಯನ್ನು ಬಿಡಕೂಡದೆಂದು ನಾವು ಹಟ ಹಿಡಿದೆವು. ಹುಡುಗರು ಗೊಣಗಿದರು, ಒಪ್ಪಿದರು. ಈಗ ಪರೀಕ್ಷೆ ರಾತ್ರಿ ಹತ್ತಕ್ಕೆ ಆರಂಭವಾಗುತ್ತದೆ. ಫಲಿತಾಂಶವನ್ನು ಓದುವ ಸರದಿ ವಾರಕ್ಕೊಬ್ಬರದು. ಈ ವಾರದ ಸರದಿ ಹರಪನಹಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳದು. ರೈಲು ಕೊಟ್ಟೂರು ಮುಟ್ಟುವುದರೊಳಗೆ ಅದನ್ನು ಫೋನಿನಲ್ಲೇ ಓದಿ ಮುಗಿಸಿರುತ್ತಾಳೆ.