ಪಕ್ಕದಲ್ಲಿ ಕೂತವರಿಗೂ ಒಂದು ಕಂಟ್ರೋಲರ್

2019ರ ನವೆಂಬರಿನಲ್ಲಿ ನಿಂಟೆಂಡೊ ಕಂಪನಿಯ ವೀ ಎಂಬ ಗೇಮ್ ಯಂತ್ರಕ್ಕೆ ಹೊಸ ಆಟವೊಂದು ಬಂತು. ಇದರಲ್ಲಿ ವಿಚಿತ್ರವೇನು ಎಂದರೆ, ವೀ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಅದಾದ ಮೇಲೆ ನಿಂಟೆಂಡೊ ಇನ್ನೂ ಎರಡು ಯಂತ್ರಗಳನ್ನು ತಂದಿತ್ತು. ಹದಿಮೂರು ವರ್ಷ ಹಳೆಯ ಮೊಬೈಲಿಗೆ ಯಾರಾದರೂ ಹೊಸ ಆ್ಯಪ್ ಬರೆಯುತ್ತಾರೆಯೇ? ಯೂಬಿಸಾಫ್ಟ್ ಕಂಪನಿ ಹೆಚ್ಚುಕಡಿಮೆ ಅದನ್ನೇ ಮಾಡಿತು. ಆಟದ ಹೆಸರು ಜಸ್ಟ್ ಡಾನ್ಸ್ 2020. ಟಿವಿಯ ಮುಂದೆ ಸಾಲಾಗಿ ನಿಂತು, ಪರದೆಯ ಮೇಲಿನವರು ಕುಣಿದಂತೆ ಕುಣಿಯುವುದು, ಕೈಯಲ್ಲಿ ಹಿಡಿದ ರಿಮೋಟ್ ಅಂಕ ಕೊಡುವುದು. ಇಷ್ಟೇ ಆಟ. 2009ರಲ್ಲಿ ಶುರುವಾದ ಈ ಸರಣಿಯನ್ನು ಕಟ್ಟುವ ಸ್ಟುಡಿಯೋಗಳ ಪೈಕಿ ಪ್ಯಾರಿಸ್ಸಿನ ಜೊತೆಗೆ ಪುಣೆಯದೂ ಒಂದು.

ವಿಡಿಯೋ ಗೇಮ್ ಆಡುವ ಗಂಭೀರ ಜನ ಜಸ್ಟ್ ಡಾನ್ಸ್ ಹೆಸರು ಕೇಳಿದರೆ ನಗುತ್ತಾರೆ. ನಗಲಿ. ಆದರೆ ಒಂದೇ ಕೋಣೆಯಲ್ಲಿ, ಒಂದೇ ಪರದೆಯ ಮುಂದೆ, ನಾಲ್ಕು ಜನ ಸೇರಿ ಆಡುವ ಪದ್ಧತಿ ಹಳತಾಯಿತು, ಅದಕ್ಕೆ ಗಿರಾಕಿಗಳಿಲ್ಲ ಎಂಬ ವಾದ ಬಂದಾಗಲೆಲ್ಲ ಈ ಆಟವನ್ನು ನೆನೆಯಬೇಕು. ಕೊಳ್ಳುವವರಿಲ್ಲದಿದ್ದರೆ ಯಾವ ಕಂಪನಿಯೂ ಸತ್ತ ಯಂತ್ರಕ್ಕೆ ವರ್ಷವರ್ಷ ಆಟ ಮಾಡುತ್ತಿರಲಿಲ್ಲ.

ಈ ವಾದದ ಕೇಂದ್ರದಲ್ಲಿರುವುದು ಸ್ಪ್ಲಿಟ್-ಸ್ಕ್ರೀನ್. ಗೊತ್ತಿಲ್ಲದವರಿಗೆ ಎರಡು ಮಾತು: ಒಂದೇ ಟಿವಿ ಪರದೆಯನ್ನು ಎರಡಾಗಿಯೋ ನಾಲ್ಕಾಗಿಯೋ ಸೀಳಿ, ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡುವುದು. 1997ರ ಗೋಲ್ಡನ್‌ಐ 007 ಆಟದಲ್ಲಿ ನಾಲ್ವರು ಹೀಗೆ ಒಂದೇ ಟಿವಿಯಲ್ಲಿ ಗುಂಡು ಹಾರಿಸಿಕೊಳ್ಳುತ್ತಿದ್ದರು. ಪಕ್ಕದವನ ಭಾಗವನ್ನು ಇಣುಕಿ ನೋಡಿ ಅವನೆಲ್ಲಿ ಅಡಗಿದ್ದಾನೆಂದು ತಿಳಿಯುವುದು ಮೋಸವೋ ಜಾಣತನವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆಮೇಲೆ ಅಂತರ್ಜಾಲ ವೇಗವಾಯಿತು, ಪ್ರತಿಯೊಬ್ಬರಿಗೂ ಅವರವರದೇ ಪರದೆ ಸಿಕ್ಕಿತು, ದೊಡ್ಡ ಆಟಗಳಿಂದ ಈ ಸೌಲಭ್ಯ ಒಂದೊಂದಾಗಿ ಮಾಯವಾಗತೊಡಗಿತು.

ಕರ್ನಾಟಕದಲ್ಲಿ ಬೆಳೆದವರಿಗೆ ಇದರ ನೆನಪು ಗೋಲ್ಡನ್‌ಐಯಿಂದ ಬಂದಿರುವ ಸಾಧ್ಯತೆ ಕಡಿಮೆ. ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದದ್ದು ನಿಂಟೆಂಡೊದ ನಕಲು ಯಂತ್ರಗಳು, ಒಂದೇ ಕ್ಯಾಸೆಟ್‌ನಲ್ಲಿ ಸಾವಿರಾರು ಆಟ ಇವೆಯೆಂದು ಸುಳ್ಳು ಹೇಳುವ ಹಳದಿ ಕ್ಯಾಸೆಟ್ಟುಗಳು, ಬೇಸಿಗೆ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ಆಡಿಸುವ ಅಂಗಡಿಗಳು. ಅವುಗಳಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಕಾಂಟ್ರಾ. ಅದರ ಪರದೆ ಸೀಳುವುದಿಲ್ಲ, ಇಬ್ಬರಿಗೂ ಒಂದೇ. ಜಲಪಾತದ ಹಂತದಲ್ಲಿ ಒಬ್ಬ ಅವಸರದಿಂದ ಮೇಲಕ್ಕೆ ಹಾರಿದರೆ ಪರದೆಯೂ ಅವನ ಜೊತೆ ಮೇಲಕ್ಕೆ ಹೋಗಿ, ಕೆಳಗಿದ್ದವನು ಸುಮ್ಮಸುಮ್ಮನೆ ಸಾಯುತ್ತಾನೆ. ಸತ್ತವನ ಜೀವಗಳೆಲ್ಲ ಖರ್ಚಾಗಿದ್ದರೆ ಜೊತೆಗಾರನ ಖಾತೆಯಿಂದ ಒಂದು ಜೀವ ಎತ್ತಿಕೊಳ್ಳಬಹುದು, ಕೇಳಬೇಕಾಗಿಲ್ಲ. ಅಣ್ಣತಮ್ಮಂದಿರ ನಡುವೆ ಇದಕ್ಕಿಂತ ಚೆನ್ನಾಗಿ ಜಗಳ ಹಚ್ಚುವ ನಿಯಮ ಯಾರೂ ಬರೆದಿಲ್ಲ. ಒಬ್ಬ ಆತುರ ಮಾಡಿದರೆ ಇನ್ನೊಬ್ಬನಿಗೆ ತೊಂದರೆ, ಒಬ್ಬನ ಸಂಪತ್ತು ಇನ್ನೊಬ್ಬನಿಗೂ ಸಂಪತ್ತು. ಹೀಗಾಗಿ ಆಡುವಾಗ ಮಾತನಾಡದೆ ವಿಧಿಯೇ ಇಲ್ಲ.

ಆ ಮಾತು ಎಂಥದು ಎಂದು ಗಮನಿಸಿದರೆ ಸ್ವಾರಸ್ಯವಿದೆ. ಒಂದೇ ಪರದೆ ನೋಡುತ್ತಿರುವ ಇಬ್ಬರು ಪೂರ್ತಿ ವಾಕ್ಯ ಬಳಸುವುದಿಲ್ಲ. ‘ಇಗೋ’, ‘ಅಗೋ ಅಲ್ಲಿ’, ‘ಹೀಗಲ್ಲ, ಹಾಗೆ’, ‘ಅದನ್ನ ತಗೋ, ಇದನ್ನ ಬಿಡು’. ಕನ್ನಡದ ಇ-ಕಾರ ಅ-ಕಾರದ ಈ ಜೋಡಿಪದಗಳು ಬೆರಳು ತೋರಿಸುವ ಪದಗಳು. ಇಬ್ಬರ ಕಣ್ಣೆದುರೂ ಒಂದೇ ದೃಶ್ಯ ಇದ್ದಾಗ ಮಾತ್ರ ಅವಕ್ಕೆ ಅರ್ಥ. ಫೋನಿನಲ್ಲಿ ‘ಅಗೋ’ ಎಂದರೆ ಆ ಕಡೆಯವರಿಗೆ ಏನೂ ತಿಳಿಯದು. ಆನ್‌ಲೈನ್ ಆಟಗಳಿಗೂ ಇದೇ ತೊಡಕು ಎದುರಾಯಿತು. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್ ಆಟದ ‘ಪಿಂಗ್’ ವ್ಯವಸ್ಥೆಯನ್ನು ಎಲ್ಲರೂ ಹೊಗಳಿದರು: ಗುಂಡಿ ಒತ್ತಿದರೆ ನೀವು ನೋಡುತ್ತಿರುವ ಜಾಗದಲ್ಲಿ ಗುರುತೊಂದು ಮೂಡಿ, ಜೊತೆಗಾರರ ಪರದೆಯಲ್ಲೂ ಕಾಣುತ್ತದೆ. ಬಹಳ ಜಾಣ ಉಪಾಯ ನಿಜ. ಆದರೆ ಅದು ತುಂಬಿಕೊಟ್ಟದ್ದು ಒಂದು ‘ಅಗೋ’ವನ್ನು. ಸೋಫಾದ ಮೇಲೆ ಅಕ್ಕಪಕ್ಕ ಕೂತವರಿಗೆ ಅದು ಮೊದಲಿಂದಲೂ ಪುಕ್ಕಟೆ ಇತ್ತು.

ಭಾಷೆಯ ವಿಷಯದಲ್ಲಿ ಇನ್ನೊಂದಿದೆ. ದೊಡ್ಡ ಆಟಗಳಲ್ಲಿ ಬಹುತೇಕ ಯಾವುದರಲ್ಲೂ ಕನ್ನಡವಿಲ್ಲ. ಪುಣೆಯಲ್ಲಿ ನೆಲೆಸಿದ ವಿಜಯಪುರದ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಶಾಲೆಗೆ ಹೋಗುವ ಮಗಳಿಗೆ ಇಂಗ್ಲಿಷು, ಹಿಂದಿ, ಮರಾಠಿ ಮೂರೂ ನೀರು ಕುಡಿದಷ್ಟು ಸಲೀಸು. ಊರಿಂದ ಬಂದ ಚಿಕ್ಕಪ್ಪನ ಮಗನಿಗೆ ಕನ್ನಡ ಒಂದೇ. ಆಟದ ಪರದೆ ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತದೆ, ಅವಳು ‘ಏ ತಮ್ಮಾ, ಕೆಳಗಿನ ಗುಂಡಿ ಒತ್ತೋ, ನಾ ಬಿದ್ದೀನಿ, ಎಬ್ಬಿಸೋ’ ಎನ್ನುತ್ತಾಳೆ. ಕಂಪನಿ ಮಾಡದ ಅನುವಾದ ಅಲ್ಲಿ ಆಗಿಹೋಯಿತು, ಅದೂ ಬೇಕಾದ ಕ್ಷಣಕ್ಕೆ, ಬೇಕಾದ ಉಪಭಾಷೆಯಲ್ಲಿ. ಅದೇ ಹುಡುಗ ಒಬ್ಬನೇ ತನ್ನ ಊರಿನ ಮನೆಯಲ್ಲಿ ಕೂತು ಆನ್‌ಲೈನ್ ಆಟಕ್ಕೆ ಲಾಗಿನ್ ಆಗಬೇಕಾದರೆ ಮೊದಲ ಫಾರ್ಮ್ ತುಂಬುವಲ್ಲೇ ನಿಂತುಬಿಡುತ್ತಾನೆ.

ಸ್ಪ್ಲಿಟ್-ಸ್ಕ್ರೀನ್ ಬೇಕು ಎನ್ನುವವರನ್ನು ಹಳೆಯ ದಿನಗಳ ಹಳಹಳಿಕೆಯವರು ಎಂದು ತಳ್ಳಿಹಾಕುವುದು ವಾಡಿಕೆ. ಹಳಹಳಿಕೆಯನ್ನು ಪಕ್ಕಕ್ಕಿಟ್ಟೇ ನೋಡೋಣ. ಆನ್‌ಲೈನ್ ಆಟಕ್ಕೆ ಬರುವವನು ಆಗಲೇ ಆಟಗಾರನಾಗಿರಬೇಕು: ಯಂತ್ರ ಕೊಂಡಿರಬೇಕು, ಖಾತೆ ತೆರೆದಿರಬೇಕು. ಒಂದೇ ಪರದೆಯ ಆಟಕ್ಕೆ ಮಾತ್ರ ಅತಿಥಿ ಬರಬಹುದು. ಆಡಲೆಂದು ಬಂದವರಲ್ಲ, ಸುಮ್ಮನೆ ಮನೆಗೆ ಬಂದವರು, ಕೈಗೆ ಕಂಟ್ರೋಲರ್ ಸಿಕ್ಕಿತೆಂದು ಆಡಿದವರು. ತಂಗಿ, ರೂಮ್‌ಮೇಟ್, ಅಪರೂಪಕ್ಕೆ ಅವ್ವ. ಅವರಿಗೆ ಬಾಗಿಲು ಮುಚ್ಚಿದರೆ ಆಟಗಾರರ ಸಂಖ್ಯೆ ಕಡಿಮೆಯಾಗದೇ ಇರಬಹುದು, ಯಾರು ಆಟಗಾರರಾಗಬಲ್ಲರು ಎಂಬುದು ಬದಲಾಗುತ್ತದೆ.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ, ಡಿಸ್ಕ್ ಹಾಕುವ ಮಾದರಿಯ ಬೆಲೆ ಆಗ 49,990 ರೂಪಾಯಿ ಇತ್ತು. ಹೆಚ್ಚುವರಿ ಕಂಟ್ರೋಲರ್ ಒಂದಕ್ಕೆ ಆಗ 5,990. ಆ ಬೆಲೆಯ ಲೆಕ್ಕದಲ್ಲಿ ಒಂದು ಮನೆಯ ಇಬ್ಬರು ಒಂದೇ ಪರದೆಯಲ್ಲಿ ಆಡಿದರೆ ಯಂತ್ರದ ಖರ್ಚು 55,980. ಆಟಕ್ಕೆ ಆ ಸೌಲಭ್ಯವಿಲ್ಲದೆ, ಇಬ್ಬರೂ ಆನ್‌ಲೈನ್‌ನಲ್ಲೇ ಭೇಟಿಯಾಗಬೇಕೆಂದರೆ 99,980. ಅದರ ಮೇಲೆ ಇನ್ನೊಂದು ಟಿವಿ, ಆಟದ ಇನ್ನೊಂದು ಪ್ರತಿ, ಹಣ ಕೊಟ್ಟು ಕೊಂಡ ಹೆಚ್ಚಿನ ಆಟಗಳನ್ನು ಆನ್‌ಲೈನ್ ಆಡಲು ಬೇಕಾದ ಚಂದಾ. ಕೋಥ್ರೂಡಿನ ಫ್ಲ್ಯಾಟಿನಲ್ಲಿ ಬಾಡಿಗೆ ಹಂಚಿಕೊಂಡಿರುವ ನಾಲ್ವರು ಹುಡುಗರಲ್ಲಿ ಯಂತ್ರ ಒಬ್ಬನದು, ಆಟ ನಾಲ್ವರದು. ಫುಟ್‌ಬಾಲ್ ಆಟಗಳು ಹಾಸ್ಟೆಲ್‌ಗಳಲ್ಲಿ, ಬ್ಯಾಚಲರ್ ಮನೆಗಳಲ್ಲಿ ಇಷ್ಟೊಂದು ಓಡುವುದಕ್ಕೆ ಫುಟ್‌ಬಾಲ್ ಪ್ರೀತಿಯೊಂದೇ ಕಾರಣವಲ್ಲ. ಇಬ್ಬರ ಆಟವೂ ಒಂದೇ ಪರದೆಯಲ್ಲಿ ಕಾಣುತ್ತದೆ, ಸೋತವನು ಏಳುತ್ತಾನೆ, ಮುಂದಿನವನು ಕೂರುತ್ತಾನೆ.

ಹಾಗಾದರೆ ಕಂಪನಿಗಳು ಇದನ್ನು ಕೈಬಿಡುವುದೇಕೆ? ತಾಂತ್ರಿಕ ಕಾರಣ ಇಲ್ಲವೆನ್ನಲಾಗದು. ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುವ ಆಟಕ್ಕೆ ಒಂದು ಚಿತ್ರ ಬರೆಯಲು ಸಿಗುವುದು ಸುಮಾರು 16 ಮಿಲಿಸೆಕೆಂಡು. ಪರದೆ ಸೀಳಿದರೆ ಅಷ್ಟೇ ಸಮಯದಲ್ಲಿ ಎರಡು ದಿಕ್ಕಿನಿಂದ ಕಾಣುವ ಎರಡು ಚಿತ್ರ ಬೇಕು. ಒಬ್ಬ ಊರೊಳಗೆ, ಇನ್ನೊಬ್ಬ ಕಾಡಿನಲ್ಲಿ ಅಲೆಯುತ್ತಿದ್ದರೆ ಊರು ಕಾಡು ಎರಡನ್ನೂ ಮೆಮೊರಿಯಲ್ಲಿ ಹಿಡಿದಿಡಬೇಕು. ಬಾಲ್ಡರ್ಸ್ ಗೇಟ್ 3 ಆಟ 2023ರಲ್ಲಿ ಎಕ್ಸ್‌ಬಾಕ್ಸ್‌ಗೆ ಬರಲು ತಡವಾದದ್ದು ಇದರಿಂದಲೇ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ, ಅಗ್ಗದ ಸೀರೀಸ್ ಎಸ್‌ಗೆ 10. ಅಗ್ಗದ ಯಂತ್ರದಲ್ಲಿ ಸ್ಪ್ಲಿಟ್-ಸ್ಕ್ರೀನ್ ಕೂರಲಿಲ್ಲ. ಕೊನೆಗೆ ಅದರಲ್ಲಿ ಆ ಸೌಲಭ್ಯ ಇಲ್ಲದೆಯೇ ಬಿಡುಗಡೆ ಮಾಡಲು ಮೈಕ್ರೋಸಾಫ್ಟ್ ಒಪ್ಪಿತು. ಕತೆ ಅಲ್ಲಿಗೇ ನಿಂತಿದ್ದರೆ ಸೌಲಭ್ಯ ಸತ್ತಿತು ಎನ್ನಬಹುದಿತ್ತು. ಲೇರಿಯನ್ ಸ್ಟುಡಿಯೋ ಕೆಲಸ ಮುಂದುವರಿಸಿ 2025ರ ಏಪ್ರಿಲ್‌ನಲ್ಲಿ ಅದೇ ಅಗ್ಗದ ಯಂತ್ರಕ್ಕೂ ಸ್ಪ್ಲಿಟ್-ಸ್ಕ್ರೀನ್ ತಂದಿತು.

ಇದರ ಪಕ್ಕದಲ್ಲಿ ಹೇಲೋ ಸರಣಿಯನ್ನಿಡಿ. 2001ರ ಮೊದಲ ಹೇಲೋ ಹೆಸರು ಮಾಡಿದ್ದೇ ಗೆಳೆಯರು ಒಂದೇ ಟಿವಿಯಲ್ಲಿ ಆಡುವ ಆಟವಾಗಿ. 2015ರ ಹೇಲೋ 5ರಲ್ಲಿ ಸ್ಪ್ಲಿಟ್-ಸ್ಕ್ರೀನ್ ತೆಗೆದರು. ಗಲಾಟೆಯಾಯಿತು. ಇನ್ನು ಮುಂದೆ ಹೀಗಾಗದು ಎಂದು 2017ರಲ್ಲಿ ಸ್ಟುಡಿಯೋದ ಮುಖ್ಯಸ್ಥೆ ಬಾನಿ ರಾಸ್ ಮಾತು ಕೊಟ್ಟರು. 2021ರಲ್ಲಿ ಬಂದ ಹೇಲೋ ಇನ್‌ಫಿನಿಟ್‌ನಲ್ಲಿ ಪರಸ್ಪರ ಹೋರಾಡುವ ಭಾಗಕ್ಕೆ ಆ ಸೌಲಭ್ಯ ಸಿಕ್ಕಿತು. ಆದರೆ ಕತೆಯ ಭಾಗವನ್ನು ಇಬ್ಬರು ಒಂದೇ ಟಿವಿಯಲ್ಲಿ ಆಡುವ ಯೋಜನೆಯನ್ನು 2022ರ ಸೆಪ್ಟೆಂಬರಿನಲ್ಲಿ ರದ್ದು ಮಾಡಿದರು, ಕೆಲಸಗಾರರನ್ನು ಬೇರೆ ಕಡೆ ಹಾಕಬೇಕಿದೆ ಎಂದು. ತಮಾಷೆಯೆಂದರೆ, ಆಟದೊಳಗಿನ ಒಂದು ದೋಷವನ್ನು ಬಳಸಿಕೊಂಡು ಕತೆಯನ್ನು ಇಬ್ಬರು ಒಂದೇ ಪರದೆಯಲ್ಲಿ ಆಡುವ ದಾರಿಯನ್ನು ಆಟಗಾರರೇ ಕಂಡುಹಿಡಿದಿದ್ದರು. ಕಷ್ಟವಿತ್ತು, ಸಂಶಯವಿಲ್ಲ. ಆದರೆ ಪಟ್ಟಿಯಲ್ಲಿ ಅದು ಎಷ್ಟನೆಯ ಸಾಲಿನಲ್ಲಿತ್ತು ಎಂಬುದೇ ಮುಖ್ಯವಾಯಿತು.

ಎದುರಿನ ವಾದಕ್ಕೂ ತೂಕವಿದೆ. ಕೆಲಸ ಹುಡುಕಿ ಪುಣೆಗೆ ಬಂದ ಕನ್ನಡಿಗರ ಒಡಹುಟ್ಟಿದವರು ಧಾರವಾಡದಲ್ಲೋ ಕಲಬುರಗಿಯಲ್ಲೋ ಇದ್ದಾರೆ, ಹಳೆಯ ಗೆಳೆಯ ಡಲ್ಲಾಸ್‌ನಲ್ಲಿದ್ದಾನೆ. ವಾರಕ್ಕೊಮ್ಮೆ ರಾತ್ರಿ ಒಂದು ಗಂಟೆ ಹೆಡ್‌ಫೋನ್ ಹಾಕಿಕೊಂಡು ಜೊತೆಗೆ ಆಡುವುದು ಅವರ ಸಂಬಂಧವನ್ನು ಎಷ್ಟೋ ಮಟ್ಟಿಗೆ ಹಿಡಿದಿಟ್ಟಿದೆ. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರ ಆಡಿ ಎಂದು ಅವರಿಗೆ ಹೇಳಿದರೆ ಕ್ರೂರವಾಗುತ್ತದೆ. ನೂರು ಜನ ಒಂದು ದ್ವೀಪಕ್ಕೆ ಇಳಿಯುವ ಆಟಕ್ಕೆ ಸೀಳಿದ ಪರದೆ ಕಡ್ಡಾಯ ಎನ್ನುವುದರಲ್ಲೂ ಅರ್ಥವಿಲ್ಲ. ಹೋಗಲಿ ಎಂದರೆ, ಆನ್‌ಲೈನ್ ಆಟ ಸ್ಪ್ಲಿಟ್-ಸ್ಕ್ರೀನ್‌ನ ವೈರಿಯೂ ಅಲ್ಲ. ಸ್ವೀಡನ್ನಿನ ಹೇಜ್‌ಲೈಟ್ ಸ್ಟುಡಿಯೋ ಇದನ್ನು ತೋರಿಸಿಕೊಟ್ಟಿದೆ.

ಸಿನಿಮಾ ನಿರ್ದೇಶಕರಾಗಿದ್ದ ಯೋಸೆಫ್ ಫಾರೆಸ್ ನಡೆಸುವ ಈ ಸ್ಟುಡಿಯೋದ ಆಟಗಳನ್ನು ಒಬ್ಬರೇ ಆಡಲು ಬರುವುದೇ ಇಲ್ಲ. ಇಬ್ಬರು ಬೇಕೇ ಬೇಕು. ಇಟ್ ಟೇಕ್ಸ್ ಟೂ 2021ರ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟವೆನಿಸಿತು. 2025ರ ಮಾರ್ಚಿನಲ್ಲಿ ಬಂದ ಸ್ಪ್ಲಿಟ್ ಫಿಕ್ಷನ್ ಒಂದೇ ವಾರದಲ್ಲಿ 20 ಲಕ್ಷ ಪ್ರತಿ ಮಾರಾಟವಾಯಿತು. ಒಬ್ಬರು ಕೊಂಡರೆ ಸಾಕು, ದೂರದಲ್ಲಿರುವ ಜೊತೆಗಾರ ‘ಫ್ರೆಂಡ್ಸ್ ಪಾಸ್’ ಇಳಿಸಿಕೊಂಡು ಪುಕ್ಕಟೆ ಆಡಬಹುದು. ಎಲ್ಲಕ್ಕಿಂತ ಮುಖ್ಯ ಸಂಗತಿ ಬೇರೆ: ಆನ್‌ಲೈನ್ ಆಡುವಾಗಲೂ ಈ ಆಟಗಳ ಪರದೆ ಸೀಳಿಯೇ ಇರುತ್ತದೆ. ತಾಂತ್ರಿಕವಾಗಿ ಅದರ ಅಗತ್ಯವಿಲ್ಲ, ಇಬ್ಬರಿಗೂ ಪೂರ್ತಿ ಪರದೆ ಕೊಡಬಹುದಿತ್ತು. ಹಾಗೆ ಮಾಡದೆ, ಜೊತೆಗಾರನಿಗೆ ಏನು ಕಾಣುತ್ತಿದೆ ಎಂಬುದು ನಿನಗೂ ಕಾಣುತ್ತಿರಲಿ ಎಂದು ಬಿಟ್ಟರು. ಹೀಗಾಗಿ ಪುಣೆಯಿಂದ ‘ಅಗೋ’ ಎಂದರೆ ಧಾರವಾಡದಲ್ಲಿರುವವಳು ಪರದೆಯ ಇನ್ನೊಂದು ಅರ್ಧ ನೋಡಿ ‘ಹೂಂ, ಕಂಡಿತು’ ಎನ್ನಬಲ್ಲಳು. ಸೀಳಿದ ಪರದೆ ಬಡವರ ಕಾಲದ ಹೊಂದಾಣಿಕೆ ಎಂಬ ಅಭಿಪ್ರಾಯಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಭಾರತದಲ್ಲಂತೂ ಈ ಪದ್ಧತಿ ಸತ್ತೇ ಇಲ್ಲ, ಟಿವಿಯಿಂದ ಮೊಬೈಲಿಗೆ ಇಳಿದಿದೆ. ನವಿ ಮುಂಬಯಿಯ ಗೇಮೆಷನ್ ಕಂಪನಿ 2016ರಲ್ಲಿ ತಂದ ಲೂಡೋ ಕಿಂಗ್ ಅನ್ನು ಲಾಕ್‌ಡೌನ್ ದಿನಗಳಲ್ಲಿ ಆಡದ ಮನೆ ಕಡಿಮೆ. ಅದರಲ್ಲಿ ಆನ್‌ಲೈನ್ ಆಟವೂ ಇದೆ, ಒಂದೇ ಮೊಬೈಲನ್ನು ನಡುವೆ ಇಟ್ಟು ಸುತ್ತ ಕೂತು ಆಡುವ ವಿಧಾನವೂ ಇದೆ. ಅಂಗಳದಲ್ಲಿ ಸುಣ್ಣದಿಂದ ಮನೆ ಬರೆದು ಕವಡೆ ಹಾಕಿ ಚೌಕಾಬಾರ ಆಡಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಾಯಿ ಕಡಿದಾಗ ಕೂಗುವುದು, ಎದುರಿನವರ ಮುಖ ನೋಡುವುದು ಆಟದ ಅರ್ಧ ಭಾಗ. ಆಟಗಳ ಬಗ್ಗೆ ಬರೆಯುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಏಕೆಂದರೆ ಆಡುವವರಲ್ಲಿ ಹೆಚ್ಚಿನವರು ತಮ್ಮನ್ನು ಗೇಮರ್ ಎಂದು ಕರೆದುಕೊಳ್ಳುವುದಿಲ್ಲ.

ಪುಣೆಯ ಸ್ಟುಡಿಯೋಗಳ ಕಡೆಗೆ ಮತ್ತೆ ನೋಡಬೇಕಾದದ್ದು ಇಲ್ಲಿ. ಈ ಊರಿನ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ರಾಜಿ ಸೊಗಸಾದ ಆಟ, ಆದರೆ ಒಬ್ಬರೇ ಆಡುವಂಥದು. ಇಲ್ಲಿನದೇ ಸೂಪರ್‌ಗೇಮಿಂಗ್ 2024ರ ಅಕ್ಟೋಬರಿನಲ್ಲಿ ತಂದ ಇಂಡಸ್ ಆನ್‌ಲೈನ್ ಯುದ್ಧ, ಅವರವರ ಮೊಬೈಲಿನಲ್ಲಿ ಅವರವರು. ಎರಡೂ ಮಾಡಬೇಕಾದ ಆಟಗಳೇ. ಎರಡರಲ್ಲೂ ಪಕ್ಕದಲ್ಲಿ ಕೂತವರಿಗೆ ಕೆಲಸವಿಲ್ಲ. ಇತ್ತ ಇದೇ ಊರಿನಲ್ಲಿ ಕೆಲಸ ಮಾಡಿಸಿಕೊಳ್ಳುವ ಜಸ್ಟ್ ಡಾನ್ಸ್, ಹಲವು ವರ್ಷಗಳ ಹಿಂದೆಯೇ ಮೊಬೈಲನ್ನು ಕೈಯಲ್ಲಿ ಹಿಡಿದು ಕಂಟ್ರೋಲರ್‌ನಂತೆ ಬಳಸಲು ಅವಕಾಶ ಕೊಟ್ಟಿತು. ಎರಡನೆಯ ಕಂಟ್ರೋಲರ್ ಕೊಳ್ಳಲಾರದ ಮನೆಯಲ್ಲೂ ಮೂರು ನಾಲ್ಕು ಮೊಬೈಲು ಇರುತ್ತವೆ, ಗೋಡೆಯ ಮೇಲೆ ಆ್ಯಪ್ ಹಾಕಿಕೊಳ್ಳಬಲ್ಲ ಟಿವಿ ಇರುತ್ತದೆ. ಆ ಟಿವಿಗೆ ಒಂದು ಆಟ, ಸುತ್ತಲಿನ ಮೊಬೈಲುಗಳೇ ಕಂಟ್ರೋಲರು, ಪರದೆಯ ಮೇಲಿನ ಮಾತು ಕನ್ನಡ, ಮರಾಠಿ, ತೆಲುಗಿನಲ್ಲಿ. ಇದನ್ನು ಕಟ್ಟಲು ಬೇಕಾದ ಪ್ರೋಗ್ರಾಮರುಗಳು ಪುಣೆಯಲ್ಲೇ ಇದ್ದಾರೆ.