ನಮ್ಮ ಪ್ಯಾಟಿ, ಕಾಕಾನ ಪ್ಲ್ಯಾನು

ಮೂರನೇ ಸೆಮ್ ಇಂಟರ್ನಲ್ಸ್ ಮುಗಿದ ರಾತ್ರಿ ಊರಿಂದ ಕಾಕಾ ಫೋನ್ ಮಾಡಿದ. "ಏನಪಾ ಇಂಜಿನಿಯರ್, ಆರಾಮಿದ್ದಿ? ಅಜ್ಜನ ಮನಿ ಕೆಡವಿ ಕಾಂಪ್ಲೆಕ್ಸ್ ಎಬ್ಬಸಬೇಕಂತ ಮಾಡೀವಿ. ನೀ ಸಿವಿಲ್ ಅದಿ. ಒಂದು ಪ್ಲ್ಯಾನ್ ತಗದುಕೊಡು. ಹೊರಗ ಕೊಟ್ರ ಸುಮ್ನ ರೊಕ್ಕ ಹಾಳು."

ನನ್ನ ಜೀವನದ ಮೊದಲ ಪ್ರಾಜೆಕ್ಟು. ಖುಷಿಯಾಗಬೇಕಿತ್ತು. ಆಗಲಿಲ್ಲ.

ನಮ್ಮೂರು ನವಲಗುಂದ. ಹಾಸ್ಟೆಲ್‌ನಲ್ಲಿ ಊರಿನ ಹೆಸರು ಹೇಳಿದರೆ ಅರ್ಧ ಮಂದಿ "ಅದೇ ಕಳಸಾ ಬಂಡೂರಿ ಗಲಾಟೆ ಆಗ್ತದಲ್ಲ, ಬಸ್ಸು ಬಂದ್ ಆಗ್ತಾವಲ್ಲ" ಅಂತಾರೆ. ಉಳಿದರ್ಧ ಮಂದಿಗೆ ಅದೂ ಗೊತ್ತಿಲ್ಲ. ಊರಿನ ಪಕ್ಕ ಒಂದು ಗುಡ್ಡ ಇದೆ, ನವಿಲು ಇದ್ದ ಗುಡ್ಡ, ಅದಕ್ಕೇ ನವಿಲುಗುಂದ ಅಂತ ಹಿರಿಯರು ಹೇಳ್ತಾರೆ. ಸುತ್ತ ಕಣ್ಣು ಹಾಯಿಸಿದಷ್ಟೂ ಎರೆ ಹೊಲ. ರೈಲಿಲ್ಲ. ಹುಬ್ಬಳ್ಳಿಗೆ ಬಸ್ಸಿನಲ್ಲಿ ಒಂದು ತಾಸು ಚಿಲ್ಲರೆ. ನಮ್ಮ ಪ್ಯಾಟಿಯನ್ನ ಕೊಂದದ್ದು ಈ ಒಂದು ತಾಸೇ ಅಂತ ನನಗೆ ಬಹಳ ಸಲ ಅನಿಸಿದೆ, ಆದರೆ ಆ ಮಾತಿಗೆ ಆಮೇಲೆ ಬರ್ತೀನಿ.

ದೀಪಾವಳಿ ರಜೆಗೆ ಹೋದಾಗ ಟೇಪ್ ಹಿಡಿದು ಮನೆ ಅಳೆದೆ. ಹದಿನೆಂಟು ವರ್ಷ ಅದೇ ಮನೆಯಲ್ಲಿ ಓಡಾಡಿದ್ದೀನಿ, ಒಂದು ದಿನಾನೂ ಸರಿಯಾಗಿ ನೋಡಿರಲಿಲ್ಲ ಅನ್ನೋದು ಅವತ್ತು ಗೊತ್ತಾಯ್ತು. ಮುಂದೆ ಓಣಿಗೆ ಮುಖ ಮಾಡಿ ಅಜ್ಜನ ಬಟ್ಟೆ ಅಂಗಡಿ, ಈಗ ಅದರ ಬಾಗಿಲು ಮುಚ್ಚಿ ಹತ್ತು ವರ್ಷ. ಅದರ ಬಾಜೂ ಕಟ್ಟೆ. ಒಳಗೆ ಪಡಸಾಲೆ, ಹಿಂದೆ ಅಡಗಿ ಮನೆ, ನಡುವೆ ಜಂತಿ ನಡುವಿನ ಬೆಳಕಿಂಡಿಯಿಂದ ಬೀಳೋ ಬಿಸಿಲಿನ ಕೋಲು. ಗೋಡೆ ಎರಡು ಫೂಟು ದಪ್ಪ, ಮಣ್ಣಿನದು. ಮೇಲೆ ಮೇಲ್ಮುದ್ದೆ ಮಾಳಿಗೆ. ಮೇ ತಿಂಗಳಿನ ಮಧ್ಯಾಹ್ನ ಪಡಸಾಲೆಯಲ್ಲಿ ಫ್ಯಾನಿಲ್ಲದೆ ನಿದ್ದೆ ಬರ್ತದೆ. ನಮ್ಮ ಹಾಸ್ಟೆಲಿನ ಟಾಪ್ ಫ್ಲೋರಿನವರಿಗೆ ಈ ಸಾಲು ಓದಿ ಹೊಟ್ಟೆ ಉರಿಯಲಿ.

ಎಡಗೋಡೆ ಕೆಳಗೆ ಮಾತ್ರ ಒಂದು ಕಡೆ ಉಬ್ಬಿ ಸಿಪ್ಪೆ ಏಳ್ತಾ ಇತ್ತು. ಏನಪ್ಪಾ ಅಂದ್ರೆ, ಕೆಲವು ವರ್ಷದ ಹಿಂದೆ "ಗಟ್ಟಿಯಾಗಲಿ" ಅಂತ ಮಣ್ಣಿನ ಗೋಡೆ ಮೇಲೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಮಣ್ಣಿನ ಗೋಡೆ ನೆಲದ ಹಸಿ ಹೀರ್ತದೆ, ಗಾಳಿಗೆ ಆರಿಸಿಕೊಳ್ತದೆ. ಮೇಲೆ ಸಿಮೆಂಟ್ ಬಡಿದರೆ ಆ ಹಸಿ ಹೊರಗೆ ಹೋಗೋಕೆ ದಾರಿ ಇಲ್ಲ, ಒಳಗೇ ನಿಂತು ಮಣ್ಣು ಮೆತ್ತಗಾಗ್ತದೆ. ಗೋಡೆ ಹಾಳಾದದ್ದು ವಯಸ್ಸಿನಿಂದ ಅಲ್ಲ, ರಿಪೇರಿಯಿಂದ. ಇನ್ನು ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯೋ ಮಣ್ಣಿನ ಮೇಲೆ ಕಾಂಪ್ಲೆಕ್ಸ್ ಎಬ್ಬಿಸಬೇಕಂದರೆ ಬುನಾದಿಗೇ ಎಷ್ಟು ಸುರೀಬೇಕು ಅಂತ ಸಿವಿಲ್‌ನವರಿಗೆ ನಾನು ಹೇಳಬೇಕಿಲ್ಲ. ಅಂಡರ್‌ರೀಮ್ಡ್ ಪೈಲ್ ಅಂತ ಕಾಕಾಗೆ ಹೇಳಿದೆ. "ಅವೆಲ್ಲಾ ಪುಸ್ತಕದಾಗಿನ ಮಾತು" ಅಂದ. ಹೊಸ ಮನೆಗಳ ಗೋಡೆಗಳಲ್ಲಿ ಮೂಲೆಯಿಂದ ಮೂಲೆಗೆ ಓಡಿರೋ ಬಿರುಕು ಊರ ತುಂಬ ಇವೆ, ಅವು ಪುಸ್ತಕದಾಗಿನವಲ್ಲ.

ಇಷ್ಟೆಲ್ಲಾ ಹೇಳಿ ನಾನು ಭಾರೀ ಭಾಷಣ ಮಾಡಿದೆ. ಹೆರಿಟೇಜು, ಅಜ್ಜನ ನೆನಪು, ಇತ್ಯಾದಿ. ಚಿಗವ್ವ ರೊಟ್ಟಿ ಬಡೀತಾ ಕೇಳಿಸಿಕೊಂಡಳು. ಕೊನೆಗೆ ತಲೆ ಎತ್ತದೆ ಅಂದಳು: "ಹಳೇದು ಚಲೋ ಅಂತೀಯಲ್ಲ, ಮಳಿಗಾಲಕ್ಕ ಮುಂಚೆ ಮಾಳಗಿ ಮ್ಯಾಲೆ ಮಣ್ಣು ಹಾಕಾಕ ನೀ ಬರ್ತಿ? ರಾತ್ರಿ ಸೋರಿದ್ರ ಪಾತೇಲಿ ಇಡಾಕ ನೀ ಏಳ್ತಿ? ಬಚ್ಚಲಾ ಹಿತ್ತಲದಾಗ ಐತಿ, ಮಳ್ಯಾಗ ಹೋಗಿ ಬಾ ನೋಡೋಣು."

ನನ್ನ ಹತ್ರ ಉತ್ತರ ಇರಲಿಲ್ಲ. ಈ ಲೇಖನ ಬರೀತಾ ಇರೋದೇ ಅದಕ್ಕೆ. ಹಳೇ ಊರು ಉಳಿಸಬೇಕು ಅನ್ನೋ ನಮ್ಮಂಥವರು ಹೆಚ್ಚಾಗಿ ಅಲ್ಲಿ ಇರೋರಲ್ಲ, ವಾರಕ್ಕೊಮ್ಮೆ ಹೋಗಿ ಫೋಟೋ ತೆಗೆದು ಸ್ಟೇಟಸ್ ಹಾಕೋರು. ಇರೋರಿಗೆ ಬೇಕಾಗಿರೋದು ಸೋರದ ಮಾಳಿಗೆ, ಒಳಗೆ ಒಂದು ಬಚ್ಚಲು. ಅದನ್ನ ಕೊಡಿಸೋಕೆ ಆಗದಿದ್ದರೆ "ಕೆಡವಬ್ಯಾಡ್ರಿ" ಅನ್ನೋ ಹಕ್ಕು ನಮಗಿಲ್ಲ.

ಆದರೂ ಕೆಡವಬಾರದು ಅಂತಾನೇ ನನ್ನ ಅಭಿಪ್ರಾಯ. ಯಾಕಂದ್ರೆ ಕಾಂಪ್ಲೆಕ್ಸ್ ಕಟ್ಟಿದ ಮೇಲೆ ಅದರಲ್ಲಿ ಬಾಡಿಗೆಗೆ ಬರೋರು ಯಾರು ಅಂತ ಕಾಕಾನನ್ನ ಕೇಳಿದೆ. ಅವನ ಹತ್ರಾನೂ ಉತ್ತರ ಇರಲಿಲ್ಲ. ಓಣಿಯಲ್ಲಿ ಆಗಲೇ ಎರಡು ಶಟರ್ ಸಾಲು ಖಾಲಿ ಬಿದ್ದಿವೆ. ಅಂಗಡಿ ಇಲ್ಲದ್ದರಿಂದ ನಮ್ಮ ಪ್ಯಾಟಿ ಸಾಯ್ತಾ ಇಲ್ಲ. ಅಲ್ಲಿಗೆ ಹೋಗೋಕೆ ಇದ್ದ ಕಾರಣಗಳು ಒಂದೊಂದಾಗಿ ಹೋದವು. ಮದುವೆ ಜವಳಿ ಹುಬ್ಬಳ್ಳಿಗೆ ಹೋಯ್ತು, ಅದು ಆ ಒಂದು ತಾಸಿನ ಕೆಲಸ. ಮೊಬೈಲ್ ಕವರಿನಿಂದ ಹಿಡಿದು ಚಪ್ಪಲಿವರೆಗೆ ಡೆಲಿವರಿ ಹುಡುಗ ಮನೆ ಬಾಗಿಲಿಗೆ ತರ್ತಾನೆ. ಇನ್ನು ನಮ್ಮ ಕಡೆ ಸಣ್ಣ ಊರುಗಳಲ್ಲಿ ಹೊಸ ಆಫೀಸು ಕಟ್ಟೋದಿದ್ದರೆ ಜಾಗ ಸಿಗ್ತದೆ ಅಂತ ಊರ ಹೊರಗೆ ಹೈವೇಗೆ ಕಟ್ಟೋ ರೂಢಿ ಬೇರೆ. ಒಂದು ಆಫೀಸು ಹೊರಗೆ ಹೋದರೆ ಅದರ ಜೊತೆ ಝೆರಾಕ್ಸ್ ಅಂಗಡಿ, ಚಾದಂಗಡಿ, ಉತಾರಕ್ಕೆ ಬಂದ ರೈತ ಹೋಗ್ತಾ ಮಗಳಿಗೆ ಕೊಳ್ತಿದ್ದ ಬಳೆ, ಎಲ್ಲಾ ಹೋಗ್ತದೆ.

ಮಂದಿ ಬರೋಕೆ ಕಾರಣ ಇದ್ದರೆ ಓಣಿ ಎಷ್ಟು ಇಕ್ಕಟ್ಟಾದರೂ ಬರ್ತಾರೆ. ಹೋಳಿ ಹುಣ್ಣಿಮೆ ಹೊತ್ತಿಗೆ ನಮ್ಮ ರಾಮಲಿಂಗ ಓಣಿಗೆ ಬಂದು ನೋಡಿ. ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಎಲ್ಲೆಲ್ಲಿಂದಲೋ ಮಂದಿ ಬಂದು ತಾಸುಗಟ್ಟಲೆ ಪಾಳಿ ಹಚ್ಚಿರ್ತಾರೆ. ಮಕ್ಕಳಾಗಲಿ ಅಂತ, ನೌಕರಿ ಸಿಗಲಿ ಅಂತ. (ಬ್ಯಾಕ್ ಕ್ಲಿಯರ್ ಆಗಲಿ ಅಂತ ಬೇಡಿಕೊಂಡ ನಮ್ಮ ಕ್ಲಾಸಿನ ಒಬ್ಬ ಇದ್ದಾನೆ. ಆಯ್ತು ಕೂಡ.) ಆ ಕೆಲವೇ ದಿನ ಓಣಿಯ ಪ್ರತಿ ಕಟ್ಟೆ ಮೇಲೂ ಒಂದು ಅಂಗಡಿ. ಆಮೇಲೆ ವರ್ಷ ಪೂರ್ತಿ ನಾಯಿ ಮಲಗಿರ್ತಾವೆ.

ವರ್ಷ ಪೂರ್ತಿ ಕಾರಣ ಆಗಬಹುದಾದ ಒಂದು ವಸ್ತು ನಮ್ಮಲ್ಲೇ ಇದೆ, ಜಮಖಾನ. ಆದಿಲಶಾಹಿ ಕಾಲದಲ್ಲಿ ವಿಜಯಪುರದ ಕಡೆಯಿಂದ ಬಂದ ನೇಕಾರರಿಂದ ಶುರುವಾದದ್ದು ಅಂತಾರೆ. ನೇಯೋರು ಹೆಂಗಸರು, ಮನೆಯೊಳಗೇ, ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ. ನಡುವೆ ಪಗಡೆ ಹಾಸಿನ ಚಿತ್ರ, ಸುತ್ತ ನವಿಲು. ವಿದ್ಯೆ ಬೇರೆ ಮನೆಗೆ ಹೋಗಬಾರದು ಅಂತ ಹಿಂದೆ ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸ್ತಿದ್ದರಂತೆ. ಇವತ್ತು ಸೊಸೆಯಂದಿರೂ ಕಲಿಯೋಕೆ ಒಲ್ಲೆ ಅಂತಾರೆ, ಯಾಕಂದ್ರೆ ದಿನಗಟ್ಟಲೆ ಕೂತು ನೇಯ್ದದ್ದಕ್ಕಿಂತ ಹೊಲದ ಕೂಲಿ ಹೆಚ್ಚು ಬರ್ತದೆ. ಇದಕ್ಕೆ ಜಿಐ ಮಾನ್ಯತೆ ಇದೆ. ಜಿಐ ಅಂದರೆ ಬೇರೆಯವರು "ನವಲಗುಂದ ಜಮಖಾನ" ಅಂತ ಹೆಸರು ಹಚ್ಚಿ ಮಾರಬಾರದು ಅಷ್ಟೇ. ಗಿರಾಕಿಯನ್ನ ಅದು ಹಿಡಿದು ತರೋದಿಲ್ಲ. ಊರಿಗೆ ಬಂದವನು ಒಂದು ಜಮಖಾನ ಕೊಳ್ಳಬೇಕಂದರೆ ಯಾರ ಮನೆ ಬಾಗಿಲು ಬಡೀಬೇಕು ಅಂತ ನನಗೇ ಗೊತ್ತಿರಲಿಲ್ಲ, ಕೇಳಿ ಹುಡುಕಿದೆ.

ಕಲಘಟಗಿ ನೋಡಿ. ಅಲ್ಲಿನ ಬಣ್ಣದ ತೊಟ್ಟಿಲು ಯಶ್ ಮಗಳಿಗೆ ಅಂಬರೀಶ್ ಮಾಡಿಸಿಟ್ಟಿದ್ದರು ಅಂತ ಸುದ್ದಿಯಾದಾಗ ನಮ್ಮ ಬೆಂಗಳೂರಿನ ಫ್ರೆಂಡ್ಸ್ ಎಲ್ಲಾ ಮ್ಯಾಪಿನಲ್ಲಿ ಕಲಘಟಗಿ ಹುಡುಕಿದರು. ಕುಂದಗೋಳದಲ್ಲಿ ನಾಡಗೀರ ವಾಡೆ ಇದೆ. ಸವಾಯಿ ಗಂಧರ್ವರ ಹೆಸರಲ್ಲಿ ವರ್ಷಾವರ್ಷ ಅಲ್ಲಿ ರಾತ್ರಿಯಿಡೀ ಹಾಡು ನಡೀತದೆ. ಅವರ ಹತ್ರ ಕಲಿಯೋಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರ್ತಿದ್ದರು. ಅಂದರೆ ಒಂದು ಕಾಲಕ್ಕೆ ಹುಬ್ಬಳ್ಳಿಯವರು ಕುಂದಗೋಳಕ್ಕೆ ಹೋಗ್ತಿದ್ದರು, ಕೆಲಸ ಇದ್ದದ್ದಕ್ಕೆ! ಆ ವಾಡೆ ನಿಂತಿರೋದು ಅದಕ್ಕೆ ಬೋರ್ಡ್ ಹಚ್ಚಿದ್ದಕ್ಕಲ್ಲ, ಅದರೊಳಗೆ ಇನ್ನೂ ಹಾಡ್ತಾರೆ ಅಂತ.

ಉಳಿಸೋ ಹೆಸರಲ್ಲಿ ಊರನ್ನೇ ಖಾಲಿ ಮಾಡಿಸೋ ದಾರಿಯೂ ಇದೆ. 2011ರ ಜುಲೈ ಕೊನೆಗೆ ಹಂಪಿಯ ವಿರೂಪಾಕ್ಷ ಬಜಾರದ ಮನೆ, ಅಂಗಡಿ ತೆರವು ಮಾಡಿದರು. ಕಲ್ಲಿನ ಮಂಟಪಕ್ಕೆ ಅದರಿಂದ ಒಳ್ಳೇದಾಗಿರಬಹುದು, ಆದರೆ ಬಜಾರ ಅಂತ ಹೆಸರಿಟ್ಟುಕೊಂಡು ಒಂದು ಬಾಳೆಹಣ್ಣೂ ಸಿಗದ ರಸ್ತೆ ನೋಡಿ ನನಗೆ ಹೇಗೇಗೋ ಆಯ್ತು. ಅಣ್ಣಿಗೇರಿಯವರ ಕಷ್ಟ ಇನ್ನೊಂದು ನಮೂನೆ. ಪಂಪನ ಊರು, 76 ಕಂಬದ ಅಮೃತೇಶ್ವರ ಗುಡಿ. 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ರಿಪೇರಿಗೂ ಪರವಾನಗಿ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ಕಾನೂನು ಬೇಕು, ನಾನು ಬ್ಯಾಡ ಅನ್ನಲ್ಲ. ಆದರೆ ಬಚ್ಚಲು ಕಟ್ಟೋಕೆ ಅರ್ಜಿ ಹಿಡಿದು ಅಲೆಯೋ ಮನುಷ್ಯನಿಗೆ ಆ ಗುಡಿ ಮೇಲೆ ಪ್ರೀತಿ ಉಳಿಯೋದು ಕಷ್ಟ.

ಹೊರಗಿನವರು ಏನು ಮಾಡಿದ್ದಾರೆ ಅಂತ ಹುಡುಕಿದೆ. ಇಟಲಿಯ ಸಿಸಿಲಿಯ ಸಂಬೂಕಾ ಅನ್ನೋ ಗುಡ್ಡದ ಊರು 2019ರಲ್ಲಿ ಖಾಲಿ ಮನೆಗಳನ್ನ 1 ಯೂರೋದಿಂದ ಹರಾಜಿಗೆ ಇಟ್ಟಿತು. ಕೊಂಡವರು ಮೂರು ವರ್ಷದಲ್ಲಿ ರಿಪೇರಿ ಮಾಡಿಸಬೇಕು. ರೀಲ್ಸಿಗೆ ಚಲೋ ಸುದ್ದಿ, ನಮಗೆ ಉಪಯೋಗ ಇಲ್ಲ. ನಮ್ಮ ಮನೆಗಳಿಗೆ ಮಾಲೀಕರಿದ್ದಾರೆ, ಒಂದೊಂದಕ್ಕೆ ಎಂಟೆಂಟು ಜನ! ನನಗೆ ಹಿಡಿಸಿದ್ದು ಅಮೆರಿಕದ 'ಮೇನ್ ಸ್ಟ್ರೀಟ್' ಪ್ರಯೋಗ. 1977ರಲ್ಲಿ ಮೂರು ಸಣ್ಣ ಊರುಗಳಲ್ಲಿ ಶುರು ಮಾಡಿ, 1980ರಲ್ಲಿ ಅದಕ್ಕೊಂದು ಕೇಂದ್ರ ಮಾಡಿದರು. (ಅದೇ 1980ರ ಜುಲೈ 21ಕ್ಕೆ ನೀರಿನ ಕರ ವಿರೋಧಿಸಿದ ರೈತರ ಮೇಲೆ ನವಲಗುಂದ, ನರಗುಂದದಲ್ಲಿ ಗುಂಡು ಹಾರಿತು. ನಮ್ಮೂರಿನ ಇತಿಹಾಸ ಅಂದ್ರೆ ಅಜ್ಜನಿಗೆ ಅದೊಂದೇ ದಿನ.) ಆ ಪ್ರಯೋಗದಲ್ಲಿ ದೊಡ್ಡ ಕಟ್ಟಡ ಏನೂ ಇಲ್ಲ. ಪ್ರತಿ ಊರಿಗೆ ಸಂಬಳ ಕೊಟ್ಟು ಒಬ್ಬ ಮನುಷ್ಯನನ್ನ ಇಟ್ಟರು, ಆ ಬೀದಿ ನೋಡಿಕೊಳ್ಳೋದೇ ಅವನ ಕೆಲಸ. ಯಾವ ಅಂಗಡಿ ಖಾಲಿ, ಯಾರಿಗೆ ಬಾಡಿಗೆ ಬೇಕು, ಯಾವ ಗೋಡೆಗೆ ಏನು ಮಾಡಬೇಕು, ಯಾವ ದಿನ ಸಂತೆ.

ನಮ್ಮಲ್ಲಿ ಅದು ಯಾರ ಕೆಲಸ? ಪುರಸಭೆಗೆ ನೀರು, ಗಟಾರ, ಕಸದ ಚಿಂತೆಯೇ ಮುಗಿಯಲ್ಲ. ದುಡ್ಡು ಬಂದರೆ ಒಂದು ಕಮಾನು, ನಾಲ್ಕು ಅಲಂಕಾರಿಕ ದೀಪ, ನೆಲಕ್ಕೆ ಪೇವರ್ಸ್. ಕಾಕಾ ಒಂದು ಬ್ಯಾಂಕಿಗೆ ಹೋಗಿ ರಿಪೇರಿಗೆ ಸಾಲ ಕೇಳಿದರೆ, ಮಣ್ಣಿನ ಗೋಡೆಗೆ ಕೊಡೋಕಾಗಲ್ಲ, ಹೊಸದು ಕಟ್ಟೋದಿದ್ದರೆ ಹೇಳ್ರಿ ಅಂದರಂತೆ. ಅಂದರೆ ಕೆಡವೋಕೆ ದುಡ್ಡು ಸಿಗ್ತದೆ, ಉಳಿಸೋಕೆ ಇಲ್ಲ. ಕಾಕಾನನ್ನ ಬೈಯೋಕೆ ನನಗೆ ಮನಸ್ಸಾಗದಿರೋದು ಇದಕ್ಕೇ. ಪುರಸಭೆ ಕಮಾನಿನ ಖರ್ಚು ಬಿಟ್ಟು ಹತ್ತು ಮನೆಗೆ ಬಚ್ಚಲು, ಮಾಳಿಗೆ ರಿಪೇರಿಗೆ ನೆರವು ಕೊಟ್ಟರೆ ಹತ್ತು ಮನೆ ನಿಲ್ತಾವೆ. ಒಬ್ಬ ಮೇಲ್ವಿಚಾರಕನನ್ನ ಇಟ್ಟರೆ ಖಾಲಿ ಶಟರ್ ಒಂದರಲ್ಲಿ ಮಗ್ಗ ಕೂಡ್ತದೆ.

ನಾವೇನು ಮಾಡಬಹುದು ಅಂದ್ರೆ, ನಮ್ಮ ಸರ್ವೇ ಲ್ಯಾಬಿನಲ್ಲಿ ಪ್ರತಿ ಬ್ಯಾಚೂ ಅದೇ ಕ್ಯಾಂಪಸ್ ಗ್ರೌಂಡು, ಅದೇ ಬೇವಿನ ಮರ ಅಳೀತದೆ. ಆ ಮರದ ಲೆವೆಲ್ ನಮ್ಮ ಸೀನಿಯರ್ಸ್ ರೆಕಾರ್ಡಿನಲ್ಲೇ ಇದೆ, ನಾವೂ ಅದನ್ನೇ ಕಾಪಿ ಹೊಡೆದಿದ್ದೀವಿ, ಸುಳ್ಳು ಯಾಕೆ. ಅದರ ಬದಲು ಒಂದು ಓಣಿ ಅಳೆಯೋಣ. ಯಾವ ಗೋಡೆ ಗಟ್ಟಿ, ಯಾವ ತೊಲೆ ಗೆದ್ದಲು ತಿಂದಿದೆ, ರಿಪೇರಿಗೆ ಎಷ್ಟು, ಕೆಡವಿ ಕಟ್ಟೋಕೆ ಎಷ್ಟು ಅಂತ ಎಸ್ಟಿಮೇಟ್ ಮಾಡಿ ಮನೆಯವರ ಕೈಗೆ ಕೊಡೋಣ. ತೀರ್ಮಾನ ಅವರದು. ಲೆಕ್ಕ ಇಲ್ಲದೆ ತೀರ್ಮಾನ ಆಗೋದು ಮಾತ್ರ ತಪ್ಪಲಿ.

ನಾನು ಎರಡು ಪ್ಲ್ಯಾನ್ ತೆಗೆದೆ. ಒಂದು ಕಾಕಾ ಕೇಳಿದ್ದು, ಆರು ಶಟರ್, ಮೇಲೆ ಎರಡು ಮನೆ. ಇನ್ನೊಂದರಲ್ಲಿ ಮುಂದಿನ ಅಂಗಡಿ, ಪಡಸಾಲೆ ಹಾಗೇ ಇದೆ. ಎಡಗೋಡೆ ಸಿಮೆಂಟ್ ಕೆತ್ತಿ ಮಣ್ಣು, ಸುಣ್ಣದ ಗಿಲಾವು, ಒಳಗೆ ಬಚ್ಚಲು, ಹಿಂದಿನ ಅರ್ಧಕ್ಕೆ ಸ್ಲ್ಯಾಬು. ಅಜ್ಜನ ಅಂಗಡಿಯಲ್ಲಿ ಜಮಖಾನದ ಒಂದು ಮಗ್ಗ, ಓಣಿಯಿಂದ ಕಾಣೋ ಹಾಗೆ. ಎರಡನೇದರ ಖರ್ಚು ಮೊದಲನೇದರ ಕಾಲು ಭಾಗವೂ ಇಲ್ಲ. ನನ್ನ ಎಸ್ಟಿಮೇಟು ತಪ್ಪಿರಬಹುದು, ಅದಕ್ಕೇ ಸರ್‌ಗೆ ತೋರಿಸೋಕೆ ಕೊಟ್ಟಿದ್ದೀನಿ.

ಎರಡನ್ನೂ ಕಾಕಾಗೆ ವಾಟ್ಸಾಪ್ ಮಾಡಿದೆ. ಬ್ಲೂ ಟಿಕ್ ಬಂತು. ಎರಡು ದಿನ ಸುದ್ದಿ ಇಲ್ಲ. ನಿನ್ನೆ ಚಿಗವ್ವ ಫೋನ್ ಮಾಡಿ, "ಎರಡನೇದ್ರಾಗ ಬಚ್ಚಲಾ ಅಡಗಿ ಮನಿಗೆ ಭಾಳ ಹತ್ರ ಆತು, ಅತ್ತಾಗ ಸರಸು" ಅಂದಳು.

ಮುಂದಿನ ರವಿವಾರ ಮತ್ತೆ ಅಳೆಯೋಕೆ ಹೊಂಟಿದ್ದೀನಿ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಒಬ್ಬರು ಬೇಕು. ಬರೋರು ಬೆಳಿಗ್ಗೆ ಏಳಕ್ಕೆ ಹಾಸ್ಟೆಲ್ ಗೇಟಿನ ಹತ್ರ ಇರಿ, ಮಧ್ಯಾಹ್ನ ರೊಟ್ಟಿ, ಝುಣಕ ನಮ್ಮಲ್ಲೇ.